ಎರಿ ಮಣ್ಣಿನ ಹಿತ್ತಲಿಗೆ ಪರಸಿ ಕಲ್ಲು ಹಾಸೋದು ಹೇಗೆ?

[ಕ್ಯಾಮೆರಾ ಕಾಲಿನ ಹತ್ತಿರ. ಪರಸಿಯ ಒಂದು ಮೂಲೆ ತುಳಿದರೆ ಎದುರಿನ ಮೂಲೆ ಏಳುತ್ತದೆ.]

ಕಟಕ್, ಕಟಕ್. ಕೇಳಿಸ್ತಾ? ನಾಲ್ಕು ವರ್ಷ ನಮ್ಮ ಹಿತ್ತಲಲ್ಲಿ ಇದೇ ಸದ್ದು. ಮಳೆಗಾಲದಲ್ಲಿ ತುಳಿದರೆ ಸಂದಿಯಿಂದ ರಾಡಿ ನೀರು ಚಿಮ್ಮಿ ಮೊಣಕಾಲಿನವರೆಗೆ ಬರುತ್ತಿತ್ತು. ಅವ್ವ ಇಲ್ಲಿ ಬಟ್ಟೆ ಒಣಹಾಕೋದನ್ನೇ ಬಿಟ್ಟಿದ್ದಳು.

ನಮಸ್ಕಾರ. ಇದು ವಿಜಯಪುರದ ನಮ್ಮ ಮನೆ ಹಿತ್ತಲು. 10 ಅಡಿ ಅಗಲ, 12 ಅಡಿ ಉದ್ದ. ಆಗ ಬಂದ ಗೌಂಡಿ ಮಣ್ಣು ಸಮ ಮಾಡಿ, ಒಂದಿಷ್ಟು ಉಸುಕು ಚೆಲ್ಲಿ, ಎರಡೇ ದಿನದಲ್ಲಿ ಪರಸಿ ಇಟ್ಟು ಹೋಗಿದ್ದ. ಅಗ್ಗಕ್ಕೆ ಮುಗೀತು ಅಂತ ನಾನೂ ಖುಷಿಯಾಗಿದ್ದೆ. ಈ ಸಲ ಎಲ್ಲಾ ಎಬ್ಬಿಸಿ ನಾನೇ ಹಾಸಿದ್ದೇನೆ.

[ಅಗೆದ ಗುಂಡಿ. ಕೈಯಲ್ಲಿ ಕಪ್ಪು ಮಣ್ಣಿನ ಹೆಂಟೆ.]

ಇದು ನೋಡಿ, ಎರಿ ಮಣ್ಣು. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಅಂತೀವಲ್ಲ, ಆ ಡೋಣಿ ನದಿ ಬಯಲಿನಲ್ಲಿ ಬೆಳೆ ಕೊಡುವ ಮಣ್ಣು ಇದೇ. ಹೊಲದಲ್ಲಿ ಬಂಗಾರ, ಹಿತ್ತಲಲ್ಲಿ ಕಾಟ. ಇದರಲ್ಲಿರುವ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಏಪ್ರಿಲ್‌ನಲ್ಲಿ ಬಿರುಕಿನೊಳಗೆ ಬೆರಳು ಹೋಗುತ್ತೆ. ವರ್ಷ ವರ್ಷ ಏಳುತ್ತಾ ಇಳಿಯುತ್ತಾ ಇರುವ ನೆಲದ ಮೇಲೆ ಎಂಥ ಕಲ್ಲು ಇಟ್ಟರೂ ಅಲ್ಲಾಡದೆ ಇರುತ್ತಾ?

ಹಾಗಾಗಿ ಸುಮಾರು 11 ಇಂಚು ಅಗೆದು ಈ ಮಣ್ಣು ಹೊರಹಾಕಿದೆ. ಅದರ ಜಾಗಕ್ಕೆ ಗರಸು, ಅಂದರೆ ಹರಳು ಹರಳಾದ ಗಟ್ಟಿ ಮಣ್ಣು, 8 ಇಂಚು, ಉಸುಕು ಒಂದೂಕಾಲು, ಮೇಲೆ ಒಂದೂವರೆ ಇಂಚಿನ ಪರಸಿ. ಗರಸು ಎಷ್ಟು ಬೇಕು? ನನ್ನ ಅಳತೆಗೆ ಗಟ್ಟಿಯಾದ ಮೇಲೆ 80 ಘನ ಅಡಿ. ಬಡಿದಾಗ ಇಳಿಯೋದರಿಂದ 100 ತರಿಸಿ. ಅಂದರೆ ಸರಿಯಾಗಿ ಒಂದು ಬ್ರಾಸ್.

ಒಂದು ಮಾತು. ಮೇ ತಿಂಗಳಲ್ಲಿ ಈ ಕೆಲಸ ಬೇಡ. ಆಗ ಮಣ್ಣು ಪೂರ್ತಿ ಕುಗ್ಗಿರುತ್ತೆ, ಮೊದಲ ಮಳೆಗೇ ಅತಿ ಜಾಸ್ತಿ ಉಬ್ಬೋದು. ದೀಪಾವಳಿ ಮುಗಿದ ಮೇಲೆ ಹಿಡಿಯಿರಿ. ಬೆನ್ನಿಗೂ ಬಿಸಿಲು ಕಡಿಮೆ.

[ದಮ್ಮಸಿನಿಂದ ಗರಸು ಬಡಿಯುವುದು.]

ಗರಸನ್ನು ಒಮ್ಮೆಲೇ ಸುರಿದು ಮೇಲೆ ಬಡಿದರೆ ಮೇಲ್ಭಾಗ ಮಾತ್ರ ಗಟ್ಟಿಯಾಗುತ್ತೆ, ಒಳಗೆ ಪೊಳ್ಳು. ಮೂರು ಸಲ ಹಾಕಿ. ಪ್ರತಿ ಸಲ ನೀರು ಚಿಮುಕಿಸಿ, ಬಡಿಯಿರಿ. ನೀರು ಸುರಿಯಬೇಡಿ, ಚಿಮುಕಿಸಿ. ಸದ್ದಿನಿಂದಲೇ ಗೊತ್ತಾಗುತ್ತೆ. ಶುರುವಿನಲ್ಲಿ ಧಪ್ ಧಪ್ ಅನ್ನೋದು ಕೊನೆಗೆ ಠಕ್ ಠಕ್ ಅನ್ನುತ್ತೆ, ದಮ್ಮಸು ಕೈಯನ್ನೇ ಹಿಂದಕ್ಕೆ ಒದೆಯುತ್ತೆ. ನನಗೂ ತಮ್ಮನಿಗೂ ಇದಕ್ಕೇ ಎರಡು ದಿನ ಹಿಡಿಯಿತು. ಪರಸಿ ಹಾಸಿದ್ದು ಒಂದೂವರೆ ದಿನದಲ್ಲಿ.

ಇಳಿಜಾರು ಮನೆಯಿಂದ ಹೊರಕ್ಕೆ, 10 ಅಡಿಗೆ 2 ಇಂಚು. ನೀರು ತುಂಬಿದ ಲೆವೆಲ್ ಪೈಪ್ ಸಾಕು, ಒಳಗೆ ಗುಳ್ಳೆ ಇಲ್ಲದಂತೆ ನೋಡಿಕೊಳ್ಳಿ. ಪರಸಿ ಮಟ್ಟ ಮನೆ ಒಳನೆಲಕ್ಕಿಂತ ಕನಿಷ್ಠ 6 ಇಂಚು ಕೆಳಗಿರಲಿ. ಮೂಲೆ ನೋಡೋಕೆ ಗುಣ್ಯಾ, ಅಂದರೆ ಮೂಲೆಮಟ್ಟ, ಇಲ್ಲವೇ? ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಮಾಡಿ, ನಡುವೆ 5 ಅಡಿ ಬಂದರೆ ಮೂಲೆ ಸರಿ.

[ಎರಡು ಪೈಪ್‌ಗಳ ಮೇಲೆ ಮರದ ಪಟ್ಟಿ ಎಳೆಯುವುದು.]

ಇದು ನನಗೆ ತುಂಬಾ ಹಿಡಿಸಿದ ಉಪಾಯ. ಒಂದಿಂಚಿನ ಎರಡು ಪೈಪ್ (ಹೊರಗಿನ ಅಳತೆ ಸುಮಾರು ಒಂದೂಕಾಲು ಇಂಚು) ಗರಸಿನ ಮೇಲೆ ಇಟ್ಟು, ನಡುವೆ ಉಸುಕು ಸುರಿದು, ಪಟ್ಟಿಯಿಂದ ಎಳೆಯಿರಿ. ದೋಸೆ ಹಂಚಿನ ಹಾಗೆ ಸಪಾಟು. ಪೈಪ್ ತೆಗೆದು, ಆ ಗೀರಿಗೂ ಉಸುಕು ತುಂಬಿ. ಆಮೇಲೆ ಅದರ ಮೇಲೆ ಕಾಲಿಡಬೇಡಿ. ನಮ್ಮ ಬೆಕ್ಕಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಕೆಳಗೆ ಸಿಮೆಂಟ್ ಹಾಕಬೇಕು ಅಂತ ಬಹಳ ಜನ ಹೇಳ್ತಾರೆ. ಎರಿ ನೆಲದಲ್ಲಿ ನಾನು ಒಪ್ಪಲ್ಲ. ಎಷ್ಟು ಅಗೆದರೂ ನೆಲ ಸ್ವಲ್ಪ ಮಿಸುಕುತ್ತೆ. ಸಿಮೆಂಟ್ ಆದರೆ ಬಿರಿಯುತ್ತೆ, ಉಸುಕಾದರೆ ಒಂದು ಪರಸಿ ಎಬ್ಬಿಸಿ ಸರಿ ಮಾಡಬಹುದು.

ನನ್ನದು ಶಹಾಬಾದ್ ಪರಸಿ, ಹಳೆಯದೇ. ಹೊಸದು ಕೊಳ್ಳುವವರು ಪಾಲಿಶ್ ಇಲ್ಲದ್ದು ಕೇಳಿ, ಒದ್ದೆಯಾದಾಗ ಜಾರಲ್ಲ. ಇಳಕಲ್ಲಿನ ಕೆಂಪು ಗ್ರಾನೈಟ್ ಚೆಂದ, ಆದರೆ ಮನೆಯಲ್ಲಿ ಕತ್ತರಿಸೋದು ತ್ರಾಸು. ಯಾವ ಕಲ್ಲು ಕತ್ತರಿಸಿದರೂ ನೀರು ಬಿಡ್ತಾ ಕತ್ತರಿಸಿ, ಮಾಸ್ಕ್ ಹಾಕಿ. ಇನ್ನು ಶಹಾಬಾದ್ ಅಂದರೆ ಸುಣ್ಣದ ಕಲ್ಲು. ಕಲೆ ತೆಗೆಯಲು ಆ್ಯಸಿಡ್ ಹಾಕಿದರೆ ನೊರೆ ಬಂದು ಕಲ್ಲೇ ಸವೆಯುತ್ತೆ.

ಮನೆ ಗೋಡೆಗೆ ತಾಗಿಸದೆ ಅರ್ಧ ಇಂಚು ಬಿಟ್ಟು ಉಸುಕು ತುಂಬಿ. ಅಂಚಿನ ಕಲ್ಲುಗಳನ್ನು ಮಾತ್ರ ಕಾಂಕ್ರೀಟಿನಲ್ಲಿ ಕೂರಿಸಿ, ಇಲ್ಲದಿದ್ದರೆ ಉಸುಕು ಹೊರಗೆ ಜರಿಯುತ್ತೆ. ಸಂದಿಗೆ 4 ಪಾಲು ಉಸುಕು, 1 ಪಾಲು ಸಿಮೆಂಟ್, ಒಣದೇ ಗುಡಿಸಿ ತುಂಬಿ. ಕಲ್ಲಿನ ಮೇಲೆ ಪುಡಿ ಉಳಿಯದಂತೆ ಗುಡಿಸಿದ ಮೇಲೇ ನೀರು ಚಿಮುಕಿಸಿ. ಒಂದು ವಾರ ಹಸಿ ಗೋಣಿಚೀಲ ಹೊದಿಸಿ. ಬೇಸಿಗೆಯಲ್ಲಿ ಸಂದಿ ಅಲ್ಲಲ್ಲಿ ಬಿರಿಯುತ್ತೆ, ಮತ್ತೆ ತುಂಬಿದರಾಯ್ತು.

[ಗೋಣಿಚೀಲ ತೆಗೆದ ಹಿತ್ತಲು. ಒಂದು ಕೊಡ ನೀರು ಸುರಿಯುವುದು.]

ಹೋಯ್ತು, ಹೋಯ್ತು... ಮನೆ ಕಡೆ ಒಂದು ಹನಿ ಬರಲಿಲ್ಲ. ಅವ್ವ, ನೋಡು!

ಅಯ್ಯೋ. ತುಳಸಿ ಕಟ್ಟೆ ಹತ್ತಿರ ನಿಂತಿದೆ ನೋಡಿ, ಅಂಗೈಯಷ್ಟು. ಬೆಕ್ಕು ನಡೆದಿದ್ದು ಅಲ್ಲೇ. ನಾಳೆ ಸಂದಿ ಕೆತ್ತಿ ಅದೊಂದು ಪರಸಿ ಎಬ್ಬಿಸ್ತೇನೆ. ಕೆಳಗೆ ಒಂದು ಹಿಡಿ ಉಸುಕು ಬೇಕಷ್ಟೇ.