ಸಿಕ್ಯೂ ನೀವೇ ಕರೆಯಿರಿ

ನಮಸ್ಕಾರ ಗೆಳೆಯರೇ. ಹವ್ಯಾಸಕ್ಕಾಗಿ ರೇಡಿಯೋದಲ್ಲಿ ಒಬ್ಬರನ್ನೊಬ್ಬರು ಸಂಪರ್ಕಿಸುವ ಹ್ಯಾಮ್ ರೇಡಿಯೋಗೆ ಹೊಸದಾಗಿ ಬಂದವರಿಂದ ನಾನು ಜಾಸ್ತಿ ಕೇಳುವ ಮಾತು ಒಂದೇ: "ಬ್ಯಾಂಡಿನಲ್ಲಿ ಯಾರೂ ಇಲ್ಲ." ಬ್ಯಾಂಡ್ ಅಂದರೆ ನಮಗೆ ಬಿಟ್ಟುಕೊಟ್ಟಿರುವ ಫ್ರೀಕ್ವೆನ್ಸಿಗಳ ಒಂದು ಪಟ್ಟಿ. ಇದನ್ನು ನಾನು ಒಪ್ಪುವುದಿಲ್ಲ. "ಯಾರಾದರೂ ಇದ್ದೀರಾ, ಉತ್ತರ ಕೊಡಿ" ಎಂಬ ಕರೆಗೆ ನಮ್ಮಲ್ಲಿ ಸಿಕ್ಯೂ ಅನ್ನುತ್ತೇವೆ. ಅದನ್ನು ನೀವೇ ಕರೆಯಿರಿ.

20 ಮೀಟರ್ ಬ್ಯಾಂಡಿಗೆ ಹೋಗಿ, 14.074 ಮೆಗಾಹರ್ಟ್ಸ್‌ಗೆ ಡಯಲ್ ತಿರುಗಿಸಿ. ಕಂಪ್ಯೂಟರ್ ಮೂಲಕ ಚುಟುಕು ಸಂದೇಶ ಕಳಿಸುವ ಎಫ್‌ಟಿ8 ಎಂಬ ವಿಧಾನದ ಸಿಗ್ನಲ್‌ಗಳು ಕಿಕ್ಕಿರಿದಿರುತ್ತವೆ. ಅದೇ ಹೊತ್ತಿಗೆ ಸ್ವಲ್ಪ ಮೇಲೆ, ಮಾತಿನ ಭಾಗದಲ್ಲಿ, ಬರೀ ಗೊರಗೊರ ಸದ್ದು. ಎರಡಕ್ಕೂ ಆಕಾಶ ಒಂದೇ ಅಲ್ವಾ? ಎಷ್ಟೋ ಜನ ಕಿವಿಗೊಟ್ಟು ಕೂತಿದ್ದಾರೆ, ಕರೆಯುವವರಿಲ್ಲ, ಅಷ್ಟೇ.

ಎಫ್‌ಟಿ8 ಮೇಲೆ ನನಗೆ ದೊಡ್ಡ ಗೌರವವಿದೆ. 2017ರಲ್ಲಿ ಅದನ್ನು ಹೊರತಂದ ಇಬ್ಬರಲ್ಲಿ ಒಬ್ಬರು ಜೋ ಟೇಲರ್, 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದವರು. ಕಳಿಸಲು ಒಬ್ಬೊಬ್ಬರಿಗೆ 15 ಸೆಕೆಂಡಿನ ಸರದಿ, ಸಿಗ್ನಲ್‌ನ ಅಗಲ ಸುಮಾರು 50 ಹರ್ಟ್ಸ್. ಕಿವಿಗೆ ಕೇಳದಷ್ಟು ಸಣ್ಣ ಸಿಗ್ನಲ್ಲನ್ನೂ ಕಂಪ್ಯೂಟರ್ ಓದಿಬಿಡುತ್ತದೆ. ದೊಡ್ಡ ಆಂಟೆನಾ ಹಾಕಲು ಜಾಗ ಇಲ್ಲದವರಿಗೆ ಇದು ನಿಜವಾದ ವರ. ಆದರೆ ಕಾಲ್‌ಸೈನ್ (ಪ್ರತಿ ಹ್ಯಾಮ್‌ನ ಗುರುತಿನ ಹೆಸರು), ಗ್ರಿಡ್ (ಇರುವ ಜಾಗದ ಸಂಕೇತ), ರಿಪೋರ್ಟ್ (ಸಿಗ್ನಲ್ ಎಷ್ಟು ಬಲವಾಗಿ ಬಂತು ಎಂಬ ಅಂಕಿ), 73 (ಶುಭ ಹಾರೈಕೆ), ಅಲ್ಲಿಗೆ ಮುಗಿಯಿತು. ಆ ಕಡೆ ಕೂತಿರುವವರ ದನಿ ಹೇಗಿದೆ, ರೇಡಿಯೋ ಯಾವುದು, ಯಾಕೆ ಈ ಹುಚ್ಚು ಹಿಡಿಯಿತು, ಏನೂ ತಿಳಿಯುವುದಿಲ್ಲ. ಈ ಹವ್ಯಾಸದಲ್ಲಿ ನನಗೆ ಬೇಕಾಗಿರುವುದು ಅದೇ.

ನಿಮ್ಮ ಸಿಗ್ನಲ್ ಎಲ್ಲಿಗೆ ತಲುಪುತ್ತದೆ ಎಂದು ನೋಡಲು ಎಫ್‌ಟಿ8 ಅನ್ನೇ ಬಳಸಿ. ನಿಮಗೆ ಬರುವ ರಿಪೋರ್ಟ್ ಮೈನಸ್ 18 ಡೆಸಿಬೆಲ್ ಇದ್ದರೆ ಮಾತು ತಲುಪುವುದು ಅನುಮಾನ. ಸೊನ್ನೆಗಿಂತ ಚೆನ್ನಾಗಿ ಮೇಲಿದ್ದರೆ ಮೈಕ್ ಎತ್ತಿಕೊಳ್ಳಿ. ಮೋರ್ಸ್ ಬರುವವರಿಗೆ ಇನ್ನೂ ಸುಲಭ. ಒಂದು ಸಿಕ್ಯೂ ಕಳಿಸಿ, ರಿವರ್ಸ್ ಬೀಕನ್ ನೆಟ್‌ವರ್ಕ್ ಎಂಬ ಜಾಲತಾಣ ತೆರೆದರೆ ಸಿಗ್ನಲ್ ಎಲ್ಲೆಲ್ಲಿ ಕೇಳಿಸಿತು ಎಂಬುದು ಕೆಲವೇ ಕ್ಷಣಗಳಲ್ಲಿ ಕಾಣುತ್ತದೆ.

ಕರೆಯುವ ಮೊದಲು ಸ್ವಲ್ಪ ಹೊತ್ತು ಕೇಳಿ. ಫ್ರೀಕ್ವೆನ್ಸಿ ಬಳಕೆಯಲ್ಲಿದೆಯೇ ಎಂದು ವಿಚಾರಿಸಿ, ಕಾಲ್‌ಸೈನ್ ಹೇಳಿ. ಉತ್ತರ ಬರದಿದ್ದರೆ ಇನ್ನೊಮ್ಮೆ ವಿಚಾರಿಸಿ. ಅಲ್ಲಿ ಇಬ್ಬರು ಮಾತಾಡುತ್ತಿದ್ದು, ಒಬ್ಬರ ಸಿಗ್ನಲ್ ನಿಮ್ಮ ತಲೆಯ ಮೇಲೆ ಹಾರಿಹೋಗುತ್ತಿರಬಹುದು. ಆಮೇಲೆ ಸಿಕ್ಯೂ ಎರಡು ಮೂರು ಸಲ, ಕಾಲ್‌ಸೈನ್ ನಿಧಾನವಾಗಿ ಎರಡು ಸಲ, ನಿಲ್ಲಿಸಿ, ಕೇಳಿ. ಅರ್ಧ ನಿಮಿಷ ಎಡೆಬಿಡದೆ ಸಿಕ್ಯೂ ಹೇಳುವವರನ್ನು ಬಿಟ್ಟು ಜನ ಮುಂದೆ ಹೋಗಿಬಿಡುತ್ತಾರೆ. ಮೂರು ಕರೆಗೆ ಉತ್ತರ ಬರಲಿಲ್ಲ ಅಂತ ಏಳಬೇಡಿ. ಬ್ಯಾಂಡ್ ಮೇಲೆ ಕೆಳಗೆ ಹುಡುಕುತ್ತಿರುವವರು ನಿಮ್ಮ ಫ್ರೀಕ್ವೆನ್ಸಿಗೆ ಬಂದು ಮುಟ್ಟಲು ಹೊತ್ತು ಬೇಕು.

ಯಾರಾದರೂ ಕರೆಯಲೇಬೇಕು ಅನ್ನುವುದು 10 ಮೀಟರ್ ಬ್ಯಾಂಡಿನಲ್ಲಿ ಇನ್ನೂ ಜಾಸ್ತಿ ನಿಜ. ಸೂರ್ಯನ ಸುಮಾರು 11 ವರ್ಷದ ಚಕ್ರ ಏರಿದಾಗ ಹಗಲಿನಲ್ಲಿ 28 ಮೆಗಾಹರ್ಟ್ಸ್‌ನ ಈ ಬ್ಯಾಂಡ್ ದೂರದ ಸಂಪರ್ಕಕ್ಕೆ ತೆರೆದುಕೊಳ್ಳುತ್ತದೆ. ಆಗ ಕೆಲವೇ ವ್ಯಾಟ್‌ಗಳಲ್ಲಿ ಖಂಡ ದಾಟಬಹುದು. ಯಾರೂ ಕರೆಯದಿದ್ದರೆ ಅದು ತೆರೆದದ್ದೂ ಗೊತ್ತಾಗದೆ ಮುಚ್ಚಿಹೋಗುತ್ತದೆ.

 

ಉತ್ತರ ಬಂದರೆ ಎಲ್ಲರಿಗೂ ಸುಮ್ನೆ 59 (ಸ್ಪಷ್ಟತೆಗೆ 5, ಬಲಕ್ಕೆ 9, ಅಂದರೆ ಪೂರ್ತಿ ಅಂಕ) ಎಂಬ ರಿಪೋರ್ಟ್ ಕೊಟ್ಟು ಓಡಬೇಡಿ. ಕೇಳಿಸಿದ್ದು 43 ಆಗಿದ್ದರೆ 43 ಅನ್ನಿ. ಆ ಕಡೆಯವರು ಅದನ್ನು ನಂಬಿ ಆಂಟೆನಾ ಸರಿಮಾಡಿಕೊಳ್ಳುತ್ತಾರೆ. ಆಮೇಲೆ ಒಂದು ಪ್ರಶ್ನೆ ಕೇಳಿ, ಆ ಆಂಟೆನಾ ಎಂಥದ್ದು ಅಂತ.