ವಿಸ್ಕಿ ದಂಗೆಯ ನೆಲದಲ್ಲಿ ಜಿಯೊಕ್ಯಾಶಿಂಗ್: ಡಬ್ಬಿ ಸಿಕ್ಕರೆ ಸಾಲದು

ಪೆನ್ಸಿಲ್ವೇನಿಯಾದಲ್ಲಿ ಓಡಾಡಿದವರು ರಸ್ತೆ ಬದಿಯ ಆ ನೀಲಿ ಇತಿಹಾಸ ಫಲಕಗಳನ್ನ ನೋಡೇ ಇರ್ತೀರಿ, ಹಳದಿ ಅಕ್ಷರದವು. ಜಿಯೊಕ್ಯಾಶಿಂಗ್, ಅಂದ್ರೆ ಬಚ್ಚಿಟ್ಟ ಡಬ್ಬಿಯನ್ನ (ಕ್ಯಾಶ್) ಜಿಪಿಎಸ್ ಹಿಡಿದು ಹುಡುಕೋ ಆಟ. ಅದನ್ನ ಆಡೋರು ಈ ಫಲಕವನ್ನ ಹೇಗೆ ಬಳಸ್ತಾರೆ ಗೊತ್ತಾ? ಮೂರನೇ ಸಾಲಿನ ಅಕ್ಷರ ಎಣಿಸಿ, ಅದಕ್ಕೆ ಎರಡು ಕೂಡಿಸಿ, ಬಂದ ಅಂಕಿಯನ್ನ ಅಕ್ಷಾಂಶದಲ್ಲಿ ಹಾಕಿ ಅಂತಾರೆ. ಪಕ್ಕದ ತಡೆಗೋಡೆಗೆ ಅಯಸ್ಕಾಂತದಿಂದ ಅಂಟಿಸಿರೋ ಬೆರಳುದ್ದದ ಡಬ್ಬಿ ಸಿಗತ್ತೆ, ಸಹಿ ಹಾಕಿ ಹೊರಡ್ತಾರೆ. ಫಲಕದಲ್ಲಿ ಏನಿತ್ತು ಅಂತ ಕೇಳಿದ್ರೆ ಒಬ್ಬರೂ ಹೇಳಲ್ಲ. ವಿಸ್ಕಿ ಮೇಲಿನ ಸುಂಕದ ವಿರುದ್ಧ ಪಶ್ಚಿಮ ಪೆನ್ಸಿಲ್ವೇನಿಯಾದ ರೈತರು ಎದ್ದ 1794ರ ವಿಸ್ಕಿ ದಂಗೆಗೆ ದಯವಿಟ್ಟು ಹೀಗೆ ಮಾಡಬೇಡಿ. ಆ ದಂಗೆ ಹುಟ್ಟಿದ್ದೇ ದೂರದಿಂದ, ಹೇರಿನಿಂದ, ಬೆಟ್ಟದ ಏರಿನಿಂದ. ಅದನ್ನ ಕಾಲಿನಲ್ಲೇ ಓದಬೇಕು.

ಲೆಕ್ಕ ನೋಡಿ. ಪಶ್ಚಿಮ ಪೆನ್ಸಿಲ್ವೇನಿಯಾದ ರೈತ ರೈ ಧಾನ್ಯ ಬೆಳೀತಿದ್ದ. ಅದನ್ನ ಅಪಲಾಚಿಯನ್ ಬೆಟ್ಟ ದಾಟಿಸಿ ಪೂರ್ವದ ಪೇಟೆಗೆ ಒಯ್ಯಬೇಕು. ಒಂದು ಹೇರುಕುದುರೆ ಹೊರೋದು ನಾಲ್ಕು ಬುಶೆಲ್ (ಕಾಳು ಅಳೆಯೋ ಹಳೇ ಮಾಪು) ಕಾಳು ಅಷ್ಟೇ. ಅದೇ ಕಾಳನ್ನ ಭಟ್ಟಿ ಇಳಿಸಿ ಪೀಪಾಯಿಗೆ ತುಂಬಿದ್ರೆ, 24 ಬುಶೆಲ್‌ನಷ್ಟು ಕಾಳು ಅದೇ ಕುದುರೆಯ ಬೆನ್ನೇರತ್ತೆ. ಹಾಗಾಗಿ ವಿಸ್ಕಿ ಅಲ್ಲಿ ಬರೀ ಕುಡಿಯೋ ಪದಾರ್ಥ ಅಲ್ಲ. ಕೂಲಿ, ಸಾಲ, ಅಂಗಡಿ ಲೆಕ್ಕ ಎಲ್ಲ ಅದರಲ್ಲೇ ನಡೀತಿತ್ತು.

1791ರ ಮಾರ್ಚ್‌ನಲ್ಲಿ ಅದರ ಮೇಲೆ ಅಬಕಾರಿ ಸುಂಕ ಬಿತ್ತು. ಸ್ವಾತಂತ್ರ್ಯ ಯುದ್ಧದ ಸಾಲ ತೀರಿಸೋಕೆ ಅಮೆರಿಕದ ಖಜಾನೆ ಕಾರ್ಯದರ್ಶಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ತಂದ ಕಾನೂನು. ಹಳ್ಳಿ ಭಟ್ಟಿಗೆ ಎರಡು ದಾರಿ ಇತ್ತು: ಭಟ್ಟಿಯ ಅಳತೆಗೆ ಗ್ಯಾಲನ್‌ಗೆ ವರ್ಷಕ್ಕೆ 60 ಸೆಂಟ್, ಇಲ್ಲವಾದ್ರೆ ತಯಾರಿಸಿದ ಪ್ರತಿ ಗ್ಯಾಲನ್‌ಗೆ 9 ಸೆಂಟ್. 100 ಗ್ಯಾಲನ್ ಭಟ್ಟಿಗೆ ವರ್ಷಕ್ಕೆ 60 ಡಾಲರ್ ಆಯ್ತು. ವರ್ಷವಿಡೀ ಕಾಯಿಸಿ 2000 ಗ್ಯಾಲನ್ ತೆಗೆಯೋ ದೊಡ್ಡವನಿಗೆ ಗ್ಯಾಲನ್‌ಗೆ ಬಿದ್ದಿದ್ದು 3 ಸೆಂಟ್. ಬೇಸಾಯ ಮುಗಿಸಿ ನಾಲ್ಕು ತಿಂಗಳು ಕಾಯಿಸೋ ಬಡವನಿಗೆ 9 ಸೆಂಟ್, ಅದೂ ನಗದು. ನಗದೇ ಇಲ್ಲದ ಊರಲ್ಲಿ! ತಪ್ಪಿದ್ರೆ ಫಿಲಡೆಲ್ಫಿಯಾ ಕೋರ್ಟಿಗೆ ಹಾಜರಾಗಬೇಕು, ಸುಮಾರು 300 ಮೈಲಿ.

ಇನ್ನು ಹಾದಿ. ತಾಣಗಳನ್ನ ನಡೆದ ಕ್ರಮದಲ್ಲೇ ಜೋಡಿಸಿ, ಇದರಲ್ಲಿ ರಾಜಿ ಬೇಡ. ಮೊದಲು ಪಿಟ್ಸ್‌ಬರ್ಗ್ ಹತ್ತಿರದ ಸೌತ್ ಪಾರ್ಕ್‌ನ ಆಲಿವರ್ ಮಿಲ್ಲರ್ ಹೋಮ್‌ಸ್ಟೆಡ್. 1794ರ ಜುಲೈ 15ರಂದು ಫೆಡರಲ್ ಮಾರ್ಷಲ್ ಡೇವಿಡ್ ಲೆನಾಕ್ಸ್, ಸುಂಕದ ಅಧಿಕಾರಿ ಜಾನ್ ನೆವಿಲ್ ಜೊತೆ ಬಂದು ವಿಲಿಯಂ ಮಿಲ್ಲರ್‌ಗೆ ಸಮನ್ಸ್ ಕೊಟ್ಟ. ಹುಷಾರು, ಅಲ್ಲಿ ಕಾಣೋ ಕಲ್ಲಿನ ಮನೆ ದಂಗೆ ಮುಗಿದು ವರ್ಷಗಳಾದ ಮೇಲೆ ಕಟ್ಟಿದ್ದು. ‘ಈ ಮನೆಯಲ್ಲೇ ನಡೆಯಿತು’ ಅಂತ ಕ್ಯಾಶ್ ವಿವರಣೆಯಲ್ಲಿ ಬರೆದ್ರೆ ಸುಳ್ಳಾಗತ್ತೆ. ಆಮೇಲೆ ನೆವಿಲ್‌ನ ಮನೆ, ಬೋವರ್ ಹಿಲ್. 16ರಂದು ಅಲ್ಲಿ ಗುಂಡು ತಗುಲಿ ಸತ್ತಿದ್ದು ಅದೇ ಮಿಲ್ಲರ್ ಮನೆತನದ, ಅದೇ ಹೆಸರಿನ ಇನ್ನೊಬ್ಬ ಆಲಿವರ್. 17ರಂದು ನೂರಾರು ಜನ ತಿರುಗಿ ಬಂದು ಮನೆ ಸುಟ್ಟರು. ಈಗ ಅದು ಉಪನಗರ, ಎಲ್ಲ ಖಾಸಗಿ ಮನೆಗಳು. ಅಲ್ಲಿ ಡಬ್ಬಿ ಇಡಬೇಡಿ, ಬೇಲಿ ಪಕ್ಕ ಬಗ್ಗಿ ಹುಡುಕೋರನ್ನ ಕಂಡ್ರೆ ಪೊಲೀಸರಿಗೆ ಫೋನ್ ಹೋಗತ್ತೆ. ಮುಂದಿನ ತಾಣದ ಅಂಕಿ ಕೊಡೋ ಪ್ರಶ್ನೆ ಮಾತ್ರ ಇಡಿ. ನೆವಿಲ್ ಮನೆತನದ ಇನ್ನೊಂದು ಮನೆ ವುಡ್‌ವಿಲ್ ಇವತ್ತಿಗೂ ನಿಂತಿದೆ, ಸುಟ್ಟ ಮನೆಯ ಅಂತಸ್ತು ಅಲ್ಲಿ ಅಂದಾಜಾಗತ್ತೆ. ಆಗಸ್ಟ್ 1ರಂದು ಸುಮಾರು 7000 ದಂಗೆಕೋರರು ಸೇರಿದ ಬ್ರಾಡಕ್ ಬಯಲು, ಪೆನ್ ಹಿಲ್ಸ್ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗೋ ಕನ್ನಡಿಗರಿಗೆ ದೂರವೇನಲ್ಲ.

ಇದಕ್ಕೆ ಮಲ್ಟಿ-ಕ್ಯಾಶ್ ಸರಿ, ಅದರಲ್ಲಿ ಒಂದು ತಾಣದ ಸುಳಿವು ಮುಂದಿನ ತಾಣಕ್ಕೆ ಒಯ್ಯತ್ತೆ. ಒಗಟು ಬಿಡಿಸಿ ಹುಡುಕೋ ಮಿಸ್ಟರಿ ಕ್ಯಾಶ್‌ನಲ್ಲಿ ಕೊನೇ ಡಬ್ಬಿ ಪ್ರಕಟಿಸಿದ ಬಿಂದುವಿನಿಂದ 3.2 ಕಿ.ಮೀ. ಒಳಗಿರಬೇಕು, ಈ ಹಾದಿ ಅದಕ್ಕೆ ಹಿಡಿಸಲ್ಲ. ಒಂದು ಡಬ್ಬಿಗೂ ಬೇರೆಯವರ ಡಬ್ಬಿಗೂ 161 ಮೀಟರ್ ಅಂತರ ಬೇಕು. ಹೊಸಬರು ಎಡವೋದು ನಿರ್ದೇಶಾಂಕದಲ್ಲಿ. 40 ಡಿಗ್ರಿ 22 ನಿಮಿಷ 30 ಸೆಕೆಂಡನ್ನ 22.300 ನಿಮಿಷ ಅಂತ ಬರೀತಾರೆ. ಅದು 22.500 ಆಗಬೇಕು. ಅಷ್ಟಕ್ಕೇ 370 ಮೀಟರ್ ತಪ್ಪು, ಜನ ಬೇರೆ ಕಣಿವೆಯಲ್ಲಿ ಅಲೀತಾರೆ. ಜುಲೈನಲ್ಲಿ ಎಲೆ ದಟ್ಟ, ಕಣಿವೆ ಕಡಿದಾದದ್ದು, ಸಿಗ್ನಲ್ ಚದುರತ್ತೆ. ಎರಡು ಬೇರೆ ದಿನ ಅಳತೆ ತೆಗೆದು ಸರಾಸರಿ ಹಾಕಿ.

ಡಬ್ಬಿಗೆ ರಬ್ಬರ್ ವಾಷರ್ ಇರಲಿ. ಮುಚ್ಚಳದ ಅಂಚಲ್ಲಿ ನೀರು ನಿಂತ್ರೆ ಚಳಿಗಾಲದಲ್ಲಿ ಹೆಪ್ಪುಗಟ್ಟಿ ಪ್ಲಾಸ್ಟಿಕ್ ಸೀಳತ್ತೆ. ಪೆನ್ ಬೇಡ, ಪೆನ್ಸಿಲ್ ಇಡಿ. ತಿಂಡಿ ಇಟ್ರೆ ಪ್ರಾಣಿಗಳು ಕಚ್ಚಿ ಹಾಳು ಮಾಡ್ತವೆ. ಜಾಗದವರ ಒಪ್ಪಿಗೆ ಇಲ್ಲದೆ ನೆಲ ಅಗೆಯೋ ಹಾಗಿಲ್ಲ, ಡಬ್ಬಿ ಇಡೋ ಹಾಗೂ ಇಲ್ಲ.

ಕೊನೇ ಪ್ರಶ್ನೆ ಮಿಂಗೊ ಕ್ರೀಕ್‌ನ ಚರ್ಚ್ ಸ್ಮಶಾನದಲ್ಲಿ. ಜುಲೈ 17ರಂದು ಬೋವರ್ ಹಿಲ್‌ನಲ್ಲಿ ಸತ್ತ ದಂಗೆಕೋರರ ನಾಯಕ ಜೇಮ್ಸ್ ಮ್ಯಾಕ್‌ಫರ್ಲೇನ್ ಸಮಾಧಿ ಅಲ್ಲಿದೆ, ವಯಸ್ಸು 43. ಡಬ್ಬಿಯನ್ನ ಸಮಾಧಿಗಳಿಂದ ದೂರ, ಸ್ಮಶಾನದ ಆಚೆ ಇಡಿ. ಸವೆದ ಅಕ್ಷರ ಓದೋಕೆ ಕಾಗದ ಇಟ್ಟು ಉಜ್ಜೋದು, ಶೇವಿಂಗ್ ಕ್ರೀಮ್ ಬಳಿಯೋದು ಬೇಡವೇ ಬೇಡ, ಕಲ್ಲು ಉದುರತ್ತೆ. ಮೊಬೈಲ್ ಟಾರ್ಚನ್ನ ಬದಿಯಿಂದ ಓರೆಯಾಗಿ ಹಿಡೀರಿ, ನೆರಳು ಬಿದ್ದು ಅಕ್ಷರ ಎದ್ದು ಕಾಣತ್ತೆ.

ಆ ಸಮಾಧಿ ಬರಹ ಹೇಳೋದು ಇಷ್ಟು: ಬ್ರಿಟನ್ ವಿರುದ್ಧದ ಯುದ್ಧದಲ್ಲಿ ಎದೆಗುಂದದೆ ಹೋರಾಡಿದವನು, ನಾಡಿನ ಹಕ್ಕು ಅಂತ ತಾನು ಭಾವಿಸಿದ್ದರ ಪರ ನಿಂತು ನೀಚನೊಬ್ಬನ ಕೈಯಲ್ಲಿ ಸತ್ತ. ‘ಭಾವಿಸಿದ್ದರ’! ಅವನನ್ನ ಪ್ರೀತಿಸಿದ ಜನವೇ ಕಲ್ಲಿನಲ್ಲಿ ಆ ಪದ ಕೆತ್ತಿಸಿದ್ದಾರೆ. ಇಂಗ್ಲಿಷಿನಲ್ಲಿ ಅದು ಒಂದೇ ಪದ. ಹಕ್ಕಿನ ಬಗ್ಗೆ ಅನುಮಾನ ತೋರಿಸೋ ಪದ ಯಾವುದು, ಅದರ ಅಕ್ಷರ ಎಷ್ಟು, ಇದನ್ನ ಪ್ರಶ್ನೆಯಾಗಿಡಿ. ಇಲ್ಲಿ ಎಣಿಸಲಿ, ಬೇಸರವಿಲ್ಲ. ಇಡೀ ಕಲ್ಲು ಓದದೆ ಯಾವ ಪದ ಎಣಿಸಬೇಕು ಅಂತಲೇ ಗೊತ್ತಾಗಲ್ಲ.