ಅಭಿಮಾನಿಗಳ ರೀಮೇಕನ್ನು ಯಾವ ಮೊಳದಲ್ಲಿ ಅಳೆಯಬೇಕು?

ಎಲ್ಲರಿಗೂ ನಮಸ್ಕಾರ.

1991ರಲ್ಲಿ ನಿಂಟೆಂಡೊ ಕಂಪನಿಯ ಗೇಮ್‌ಬಾಯ್ ಎಂಬ ಕೈಯಲ್ಲಿ ಹಿಡಿದಾಡುವ ಯಂತ್ರಕ್ಕೆ ‘ಮೆಟ್ರಾಯ್ಡ್ 2: ರಿಟರ್ನ್ ಆಫ್ ಸೇಮಸ್’ ಬಂತು. ಕಾಲು ಶತಮಾನದ ಮೇಲೆ ಅದೇ ಆಟವನ್ನು ಎರಡು ಕಡೆ ಹೊಸದಾಗಿ ಕಟ್ಟಿದರು. ಅರ್ಜೆಂಟೀನಾದ ಮಿಲ್ಟನ್ ಗುವಾಸ್ತಿ ಮತ್ತು ಅವರೊಡನೆ ಕೈಜೋಡಿಸಿದ ಅಭಿಮಾನಿಗಳು ಬಿಡುವಿನ ಹೊತ್ತಿನಲ್ಲಿ ಸುಮಾರು ಹತ್ತು ವರ್ಷ ದುಡಿದು ಮಾಡಿದ್ದು ‘ಎಎಂ2ಆರ್’, ಅಂದರೆ ‘ಅನದರ್ ಮೆಟ್ರಾಯ್ಡ್ 2 ರೀಮೇಕ್’. ಅದು 2016ರ ಆಗಸ್ಟ್ 6ರಂದು, ಮೊತ್ತಮೊದಲ ಮೆಟ್ರಾಯ್ಡ್ ಆಟಕ್ಕೆ ಮೂವತ್ತು ತುಂಬಿದ ದಿನವೇ ಹೊರಬಂತು. ಮರುವರ್ಷ ಸೆಪ್ಟೆಂಬರಿನಲ್ಲಿ ಸ್ಪೇನಿನ ಮರ್ಕ್ಯುರಿಸ್ಟೀಮ್ ಸ್ಟುಡಿಯೊ ನಿಂಟೆಂಡೊ ಜೊತೆಗೂಡಿ ಮಾಡಿದ ‘ಮೆಟ್ರಾಯ್ಡ್: ಸೇಮಸ್ ರಿಟರ್ನ್ಸ್’ ನಿಂಟೆಂಡೊದ ಎರಡು ಪರದೆಯ ಕೈಯಂತ್ರ 3ಡಿಎಸ್‌ಗೆ ಬಂತು. ಮೂಲ ಒಂದೇ, ರೀಮೇಕ್ ಎರಡು, ನಡುವಿನ ಅಂತರ ಹದಿಮೂರು ತಿಂಗಳು. ಅಭಿಮಾನಿಗಳ ಕೆಲಸವನ್ನು ಸ್ಟುಡಿಯೊ ಕೆಲಸದ ಪಕ್ಕದಲ್ಲಿಟ್ಟು ನೋಡಲು ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ. ಅದಕ್ಕೇ ಇವತ್ತಿನ ಮಾತು ಬಹುಪಾಲು ಇವೆರಡರ ಸುತ್ತಲೇ ಇರುತ್ತದೆ.

‘ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ’ ಎನ್ನುತ್ತಾರೆ. ಪುಕ್ಕಟೆ ಕೊಟ್ಟಿದ್ದಾರೆ, ಅಳೆಯುವುದೇಕೆ ಎಂಬ ಸಂಕೋಚ ಅಭಿಮಾನಿ ರೀಮೇಕ್‌ಗಳ ವಿಮರ್ಶೆಯಲ್ಲಿ ಎದ್ದು ಕಾಣುತ್ತದೆ. ಆ ಸಂಕೋಚ ಬೇಡ. ಹತ್ತು ವರ್ಷ ದುಡಿದವರಿಗೆ ಬೇಕಿರುವುದು ಬೆನ್ನು ತಟ್ಟುವ ವಿನಾಯಿತಿಯಲ್ಲ, ನೆಟ್ಟಗೆ ನೋಡುವ ಕಣ್ಣು. ಮೊಳ ಹಾಕೋಣ, ಆದರೆ ಹಿತ್ತಲಿನಲ್ಲಿ ಬೇಡ, ಪಡಸಾಲೆಯಲ್ಲೇ ಹಾಕೋಣ.

‘ಸ್ಟುಡಿಯೊ ಮಟ್ಟದಲ್ಲಿದೆ’ ಎಂಬ ಹೊಗಳಿಕೆಯನ್ನು ಬಿಡಿಸಿ ನೋಡಿ. ಹಣದಿಂದ ಬರುವ ಸಂಗತಿಗಳು ಅದರಲ್ಲಿ ಒಂದಷ್ಟಿವೆ: ಧ್ವನಿ ನಟರು, ಮೋಷನ್ ಕ್ಯಾಪ್ಚರ್, ಸಾವಿರಾರು ಮಾಡೆಲ್‌ಗಳು. ಇದರಲ್ಲಿ ಅಭಿಮಾನಿಗಳನ್ನು ಸೋಲಿಸುವುದು ಸುಲಭ, ಸೋಲಿಸಿ ಪ್ರಯೋಜನವೂ ಇಲ್ಲ. ಶಿಸ್ತಿನಿಂದ ಬರುವಂಥವೂ ಇವೆ: ಸೇವ್ ಫೈಲ್ ಕೆಡಬಾರದು, ಕಂಟ್ರೋಲರ್ ಕಿತ್ತರೆ ಆಟ ನಿಲ್ಲಬೇಕು, ಹೊರಬರಲಾಗದ ಕೋಣೆ ಇರಬಾರದು. ಇವಕ್ಕೆ ಹಣಕ್ಕಿಂತ ತಾಳ್ಮೆ ಬೇಕು, ಆದ್ದರಿಂದ ಇಲ್ಲಿ ಒಂದೇ ಅಳತೆ ಎಲ್ಲರಿಗೂ. ಕೊನೆಯದಾಗಿ ವಿವೇಚನೆ, ಅಂದರೆ ಮೂಲದಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬದಲಿಸಬೇಕು ಎಂಬ ತೀರ್ಮಾನ. ಸಂಬಳದ ಚೀಟಿಗೂ ಇದಕ್ಕೂ ಸಂಬಂಧವೇ ಇಲ್ಲ.

ಮೊದಲು ಮೂಲ ಆಟವನ್ನು ಆಡಿ. ವಿಡಿಯೊ ನೋಡಿದರೆ ಸಾಲದು, ಕೈಯಾರೆ ಆಡಬೇಕು. ಗೇಮ್‌ಬಾಯ್ ಪರದೆ 160 ಅಡ್ಡ, 144 ಉದ್ದ, ಅಷ್ಟೇ ಪಿಕ್ಸೆಲ್. ಆಟದ ನಾಯಕಿ ಸೇಮಸ್ ಅದರಲ್ಲಿ ದೊಡ್ಡದಾಗಿ ನಿಲ್ಲುತ್ತಾಳೆ, ಹಾಗಾಗಿ ಎರಡು ಹೆಜ್ಜೆ ಆಚೆ ಏನಿದೆಯೋ ಕಾಣದು. ಮ್ಯಾಪ್ ಇಲ್ಲ. ಕೊಲ್ಲಬೇಕಾದ ಮೆಟ್ರಾಯ್ಡ್ ಎಂಬ ಜೀವಿಗಳ ಎಣಿಕೆ 39ರಿಂದ ಕೆಳಗಿಳಿಯುತ್ತ ಬರುತ್ತದೆ. ಒಂದು ಪ್ರದೇಶ ಖಾಲಿಯಾದರೆ ನೆಲ ನಡುಗಿ ಆಮ್ಲದ ಮಟ್ಟ ಇಳಿದು ದಾರಿ ತೆರೆಯುತ್ತದೆ. ಎಣಿಕೆ ಒಂದಕ್ಕೆ ಬಂತು ಎನ್ನುವಾಗ ಅದು ಇದ್ದಕ್ಕಿದ್ದಂತೆ ಒಂಬತ್ತಾಗುತ್ತದೆ. ನಾಲ್ಕೇ ಛಾಯೆಯಲ್ಲಿ ಸೂಟ್ ಬದಲಾದದ್ದು ತಿಳಿಯದೆಂದು ಸೇಮಸ್‌ಳ ವೇರಿಯಾ ಎಂಬ ಹೆಚ್ಚು ಗಟ್ಟಿಯಾದ ಸೂಟಿಗೆ ಗುಂಡಗಿನ ಭುಜ ಕೊಟ್ಟದ್ದೂ ಇದೇ ಆಟದ ಮಿತಿಯಿಂದ. ಇಂಥ ಹತ್ತು ಹದಿನೈದು ಸಂಗತಿಗಳನ್ನು ಬರೆದಿಟ್ಟುಕೊಂಡು, ಪ್ರತಿಯೊಂದರ ಮುಂದೆ ‘ಇದು ಯಂತ್ರದ ಬಡತನವೋ, ಆಟದ ಉದ್ದೇಶವೋ’ ಎಂದು ಕೇಳಿಕೊಳ್ಳಿ. ರೀಮೇಕ್ ಮಾಡುವವರು ಎಡವುವುದು ಇಲ್ಲೇ.

ಎಎಂ2ಆರ್ 320 ಅಡ್ಡ, 240 ಉದ್ದದಲ್ಲಿ ಚಿತ್ರ ಬರೆಯುತ್ತದೆ. ಅಂದರೆ 76,800 ಪಿಕ್ಸೆಲ್. ಗೇಮ್‌ಬಾಯ್‌ನದು 23,040. ಮೂರು ಪಟ್ಟಿಗಿಂತ ಹೆಚ್ಚು ಜಾಗ ಒಮ್ಮೆಗೇ ಕಾಣುವಾಗ ಹಳೆಯ ಕೋಣೆಯನ್ನು ಹಾಗೇ ಇಳಿಸಿದರೆ ಹೆದರಿಕೆ ಉಳಿಯುವುದಿಲ್ಲ, ಶತ್ರು ದೂರದಿಂದಲೇ ಕಾಣಿಸಿಬಿಡುತ್ತಾನೆ. ಹಾಗಾಗಿ ಕೋಣೆಗಳನ್ನು ಮತ್ತೆ ಕಟ್ಟಬೇಕು, ಶತ್ರುವಿನ ವೇಗ ಬದಲಿಸಬೇಕು, ಕತ್ತಲು ತುಂಬಬೇಕು. ಎಎಂ2ಆರ್ ಇದನ್ನು ಮಾಡಿದೆ. ಮ್ಯಾಪನ್ನೂ ಕೊಟ್ಟಿದೆ. ಮ್ಯಾಪ್ ಇಲ್ಲದ್ದು ಯಂತ್ರದ ಬಡತನವೆಂದೇ ಎರಡೂ ತಂಡಗಳು ತೀರ್ಮಾನಿಸಿದವು. ಅದು ಸರಿ ಎಂದೇ ನಮ್ಮ ಅಭಿಪ್ರಾಯ.

ಈಗ ಅಳತೆಗೆ ಬರೋಣ. ಪಿಕ್ಸೆಲ್ ಆಟವಾದರೆ ಮೊದಲು ಸ್ಕೇಲಿಂಗ್ ನೋಡಿ. 240 ಸಾಲುಗಳನ್ನು 1080 ಸಾಲಿನ ಪರದೆ ತುಂಬುವಂತೆ ಹಿಗ್ಗಿಸಿದರೆ 4.5 ಪಟ್ಟು ಬರುತ್ತದೆ. ಅರ್ಧ ಪಿಕ್ಸೆಲ್ ಎಂಬುದಿಲ್ಲ, ಹಾಗಾಗಿ ಕೆಲವು ಚುಕ್ಕೆಗಳು ನಾಲ್ಕು, ಕೆಲವು ಐದು ಪಿಕ್ಸೆಲ್ ದಪ್ಪವಾಗುತ್ತವೆ. ನಿಂತ ಚಿತ್ರದಲ್ಲಿ ಇದು ಕಾಣದು, ಕೋಣೆ ಸರಿಯುವಾಗ ಗೋಡೆಯ ಇಟ್ಟಿಗೆಗಳು ಉಸಿರಾಡಿದಂತೆ ಮಿಣುಗುತ್ತವೆ. ಸರಿಯಾದ ದಾರಿ ನಾಲ್ಕು ಪಟ್ಟಿಗೆ ನಿಲ್ಲಿಸಿ 1280 ಅಡ್ಡ, 960 ಉದ್ದದ ಚಿತ್ರದ ಸುತ್ತ ಕಪ್ಪು ಬಿಡುವುದು. 1366 ಅಡ್ಡ, 768 ಉದ್ದದ ಹಳೆ ಲ್ಯಾಪ್‌ಟಾಪ್‌ನಲ್ಲಿ ಮೂರು ಪಟ್ಟು, ಮೇಲೆ ಕೆಳಗೆ 24 ಸಾಲು ಖಾಲಿ. 1440 ಸಾಲಿನ ಪರದೆಗೆ ಆರು ಪಟ್ಟು ಸರಿಯಾಗಿ ಕೂರುತ್ತದೆ. ಈ ಆಯ್ಕೆ ಮೆನುವಿನಲ್ಲಿ ಇದೆಯೇ, ಮೊದಲ ಸಲ ತೆರೆದಾಗ ಯಾವುದು ಆಯ್ಕೆಯಾಗಿರುತ್ತದೆ ಎಂದು ಬರೆದುಕೊಳ್ಳಿ.

ಆಮೇಲೆ ಫ್ರೇಮ್‌ಗಳ ನಡೆ. ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದಕ್ಕೆ 16.7 ಮಿಲಿಸೆಕೆಂಡ್. ಸರಾಸರಿ 60 ಬಂದರೆ ಸಾಲದು, ಒಂದು ಫ್ರೇಮ್ 10, ಮುಂದಿನದು 23 ಎಂದಾದರೆ ಸರಾಸರಿ ಸರಿಯಿದ್ದೂ ಕಣ್ಣಿಗೆ ಮುಗ್ಗರಿಸುತ್ತದೆ. 144 ಹರ್ಟ್ಸ್ ಮಾನಿಟರ್‌ನಲ್ಲಿ 60 ಫ್ರೇಮಿನ ಆಟ ಆಡಿದರೆ ಒಂದು ಫ್ರೇಮಿಗೆ 2.4 ಪಾಲು ಬರುತ್ತದೆ, ಅಂದರೆ ಕೆಲವು ಫ್ರೇಮ್ ಎರಡು ಸಲ, ಕೆಲವು ಮೂರು ಸಲ ಕಾಣುತ್ತವೆ. ಈ ತಪ್ಪನ್ನು ಆಟದ ತಲೆಗೆ ಕಟ್ಟುವ ಮೊದಲು ಮಾನಿಟರನ್ನು 60ಕ್ಕೋ 120ಕ್ಕೋ ಇಳಿಸಿ ನೋಡಿ. ಎಎಂ2ಆರ್ ಕಟ್ಟಿದ್ದು ಗೇಮ್‌ಮೇಕರ್ ಎಂಬ ಆಟ ಕಟ್ಟುವ ತಂತ್ರಾಂಶದಲ್ಲಿ. ಆ ಬಗೆಯ ಆಟಗಳಲ್ಲಿ ಲೆಕ್ಕಾಚಾರವೆಲ್ಲ ಫ್ರೇಮಿಗೇ ಕಟ್ಟಿರುವುದು ಸಾಮಾನ್ಯ. ನಿಧಾನದ ಕಂಪ್ಯೂಟರ್‌ನಲ್ಲಿ ಫ್ರೇಮ್ ಹಾರುವ ಬದಲು ಇಡೀ ಆಟವೇ ನಿಧಾನವಾಗುತ್ತದೆ. ಹಾಗಾಗಿ ಒಂದು ಹಳೆಯ ಯಂತ್ರದಲ್ಲೂ ಆಡಿಸಿ ನೋಡುವುದು ಕಡ್ಡಾಯ.

ಗುಂಡಿ ಒತ್ತಿದ್ದಕ್ಕೂ ಜಿಗಿದದ್ದಕ್ಕೂ ನಡುವಿನ ತಡವನ್ನು ಫೋನಿನಲ್ಲೇ ಅಳೆಯಬಹುದು. ಸ್ಲೋ ಮೋಷನ್ 240 ಫ್ರೇಮಿಗೆ ಇಡಿ, ಹೆಬ್ಬೆರಳೂ ಪರದೆಯೂ ಒಂದೇ ಚೌಕಟ್ಟಿನಲ್ಲಿರಲಿ. ವಿಡಿಯೊದ ಒಂದು ಫ್ರೇಮ್ ಸುಮಾರು 4.2 ಮಿಲಿಸೆಕೆಂಡ್. ಇಪ್ಪತ್ತು ಸಲ ಜಿಗಿಯಿರಿ, ಎಣಿಸಿ, ಮಧ್ಯದ ಅಂಕಿ ತೆಗೆದುಕೊಳ್ಳಿ. ಒಂದೇ ಸಲದ ಎಣಿಕೆ ನಂಬಬೇಡಿ. ನಿಮ್ಮ ಒತ್ತು ಫ್ರೇಮಿನ ಆರಂಭದಲ್ಲಿ ಬಿತ್ತೋ ಕೊನೆಯಲ್ಲಿ ಬಿತ್ತೋ ಎಂಬುದರಿಂದಲೇ 16 ಮಿಲಿಸೆಕೆಂಡ್ ಏರುಪೇರಾಗುತ್ತದೆ. ಈ ಅಂಕಿಯಲ್ಲಿ ಮಾನಿಟರ್, ಕಂಟ್ರೋಲರ್‌ಗಳ ತಡವೂ ಸೇರಿರುವುದರಿಂದ ಅದೇ ಮಾನಿಟರ್, ಅದೇ ಕಂಟ್ರೋಲರ್‌ನಲ್ಲಿ ಒಂದು ವೃತ್ತಿಪರ ಆಟವನ್ನೂ ಅಳೆದು ವ್ಯತ್ಯಾಸ ಮಾತ್ರ ಹೇಳಿ. ಆಟದ ಎರಡು ಫ್ರೇಮಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಅದು ಬರೆಯಬೇಕಾದ ದೋಷ.

ಸಂಗೀತದಲ್ಲಿ ಅಭಿಮಾನಿಗಳ ಕೆಲಸ ಸಾಮಾನ್ಯವಾಗಿ ಒಂದೇ ಕಡೆ ಸಿಕ್ಕಿಬೀಳುತ್ತದೆ: ಹಾಡು ಮುಗಿದು ಮತ್ತೆ ಶುರುವಾಗುವ ಜಾಗ. ಎಂಪಿ3 ಮಾಡುವಾಗ ಕಡತದ ತುದಿಗಳಲ್ಲಿ ಚೂರು ಮೌನ ಸೇರಿಕೊಳ್ಳುತ್ತದೆ, ಹಾಗಾಗಿ ಪ್ರತಿ ಸುತ್ತಿಗೂ ತಾಳ ತಪ್ಪುತ್ತದೆ. ಓಗ್ ವೋರ್ಬಿಸ್ ಕಡತಕ್ಕೆ ಬದಲಿಸಿ ಲೂಪ್ ಬಿಂದು ಗುರುತಿಸಿದರೆ ಮುಗಿಯಿತು. ಒಂದೊಂದು ಹಾಡನ್ನೂ ಎರಡು ಸುತ್ತು ಕೇಳದೆ ಇದು ಗೊತ್ತಾಗುವುದಿಲ್ಲ.

ಶಿಸ್ತಿನ ಪರೀಕ್ಷೆಗೆ ಹೆಚ್ಚು ಹೊತ್ತು ಕೊಡಿ. ಕನ್ಸೋಲ್‌ಗೆ ಬರುವ ಆಟ ಸೋನಿ, ಮೈಕ್ರೋಸಾಫ್ಟ್, ನಿಂಟೆಂಡೊಗಳ ತಪಾಸಣೆ ದಾಟಬೇಕು. ಪಿಸಿಗೆ ಬರುವ ಅಭಿಮಾನಿ ರೀಮೇಕ್‌ಗೆ ಆ ದ್ವಾರಪಾಲಕರಿಲ್ಲ, ಆದ್ದರಿಂದ ಆ ಕೆಲಸ ವಿಮರ್ಶಕರದೇ. ಆಡುವಾಗ ಕಂಟ್ರೋಲರ್ ಕೇಬಲ್ ಕೀಳಿ, ಆಟ ತಾನಾಗಿ ನಿಂತು ಸೂಚನೆ ಕೊಡಬೇಕು. ಬೇರೆ ಕಿಟಕಿಗೆ ಹೋಗಿ ಬನ್ನಿ. ಆಟವನ್ನು ತಡೆದು ನಿಲ್ಲಿಸುವ ಪಾಜ್ ಗುಂಡಿ ಒತ್ತಿ ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಮೆಮೊರಿ ಬಳಕೆ ಏರಿದೆಯೇ ನೋಡಿ. ಸೇವ್ ಫೈಲ್ ನಕಲು ಮಾಡಿಟ್ಟುಕೊಂಡು, ಸೇವ್ ಆಗುವ ಗಳಿಗೆಯಲ್ಲೇ ಟಾಸ್ಕ್ ಮ್ಯಾನೇಜರ್‌ನಿಂದ ಆಟವನ್ನು ಮುಚ್ಚಿಸಿ, ಹತ್ತು ಸಲ. ಹಳೆಯ ಫೈಲಿನ ಮೇಲೇ ನೇರ ಬರೆಯುವ ಆಟದಲ್ಲಿ ಒಮ್ಮೆಯಾದರೂ ಎಲ್ಲವೂ ಅಳಿಸಿಹೋಗುವ ಅಪಾಯವಿದೆ. ತಾತ್ಕಾಲಿಕ ಫೈಲಿಗೆ ಬರೆದು, ಪೂರ್ತಿಯಾದ ಮೇಲೆ ಹೆಸರು ಬದಲಿಸುವ ಆಟ ಕರೆಂಟ್ ಹೋದರೂ ಉಳಿಯುತ್ತದೆ. ಕರೆಂಟ್ ಹೋಗುವ ಊರುಗಳಲ್ಲಿ ಇದು ಸಣ್ಣ ಮಾತಲ್ಲ.

ಮೆಟ್ರಾಯ್ಡ್ ಜಾತಿಯ ಆಟಕ್ಕೆ ಇನ್ನೊಂದು ಪರೀಕ್ಷೆ ಬೇಕೇ ಬೇಕು. ಪ್ರತಿ ಹೊಸ ಶಕ್ತಿ ಸಿಗುವ ಮೊದಲು, ಅದು ಬೇಕಾಗುವ ಎಲ್ಲ ಕೋಣೆಗಳಿಗೂ ನುಗ್ಗಲು ಯತ್ನಿಸಿ. ಒಳಗೆ ಹೋಗಬಹುದು, ಹೊರಗೆ ಬರಲಾಗದು, ಅಲ್ಲೇ ಸೇವ್ ಸ್ಟೇಷನ್ ಇದೆ ಎಂದಾದರೆ ಆಟಗಾರನ ಹತ್ತು ಗಂಟೆ ನೀರುಪಾಲು. ಕಟ್ಟಿದವರಿಗೆ ಇದು ಕಾಣುವುದಿಲ್ಲ, ಏಕೆಂದರೆ ಅವರಿಗೆ ಸರಿದಾರಿ ಗೊತ್ತು.

ಇಲ್ಲಿ ಎಎಂ2ಆರ್ ಬಗ್ಗೆ ಒಂದು ಮಾತು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ ನಿಂಟೆಂಡೊ ಹಕ್ಕುಸ್ವಾಮ್ಯದ ನೋಟಿಸ್ ಕೊಟ್ಟಿತು, ಡೌನ್‌ಲೋಡ್ ಕೊಂಡಿಗಳನ್ನು ತೆಗೆದುಹಾಕಲಾಯಿತು, ಸೆಪ್ಟೆಂಬರಿನಲ್ಲಿ ಗುವಾಸ್ತಿ ಕೆಲಸ ನಿಲ್ಲಿಸಿದರು. ಆ ವರ್ಷದ ದಿ ಗೇಮ್ ಅವಾರ್ಡ್ಸ್‌ನ ಅಭಿಮಾನಿ ಸೃಷ್ಟಿ ವಿಭಾಗದಲ್ಲಿ ಸೇರಿದ್ದ ಹೆಸರನ್ನೂ ತೆಗೆದುಹಾಕಿದರು. ಸ್ಟುಡಿಯೊ ಆಟಕ್ಕೆ ಸಿಗುವ ಬಿಡುಗಡೆಯ ನಂತರ ದೋಷ ತಿದ್ದುವ ಪ್ಯಾಚ್ ಅವಧಿ ಮೂಲ ತಂಡಕ್ಕೆ ಸಿಗಲೇ ಇಲ್ಲ. ಆಮೇಲಿನ ತಿದ್ದುಪಡಿಗಳೆಲ್ಲ ಸಮುದಾಯದವರು ಮುಂದುವರಿಸಿದ್ದು. ಹಾಗಾಗಿ ಆವೃತ್ತಿ ಸಂಖ್ಯೆ ಬರೆಯದ ಎಎಂ2ಆರ್ ವಿಮರ್ಶೆಗೆ ಬೆಲೆಯಿಲ್ಲ. ಯಾರ ಕೆಲಸವನ್ನು ತೂಗುತ್ತಿದ್ದೇವೆಂದೇ ಅದು ಹೇಳುವುದಿಲ್ಲ.

ಆವೃತ್ತಿಯ ಮಾತು ಬಂದಾಗ ‘ಬ್ಲ್ಯಾಕ್ ಮೆಸಾ’ ನೆನಪಾಗಬೇಕು. 1998ರ ‘ಹಾಫ್-ಲೈಫ್’ ಆಟದ ಈ ರೀಮೇಕನ್ನು ಕ್ರೋಬಾರ್ ಕಲೆಕ್ಟಿವ್ ತಂಡ 2012ರ ಸೆಪ್ಟೆಂಬರ್ 14ರಂದು ಉಚಿತವಾಗಿ ಬಿಟ್ಟಿತು. ಕೊನೆಯ ಭಾಗವಾದ ಝೆನ್ ಲೋಕ ಅದರಲ್ಲಿ ಇರಲಿಲ್ಲ. ‘ಆನ್ ಎ ರೈಲ್’, ‘ಸರ್ಫೇಸ್ ಟೆನ್ಶನ್’ ಅಧ್ಯಾಯಗಳನ್ನು ಮೊಟಕು ಮಾಡಿದ್ದರು. 2015ರಲ್ಲಿ ಹಾಫ್-ಲೈಫ್ ಮಾಡಿದ ವಾಲ್ವ್ ಕಂಪನಿಯ ಒಪ್ಪಿಗೆಯೊಂದಿಗೆ ಅದು ಮಾರಾಟಕ್ಕೆ ಬಂತು, ಪೂರ್ಣ ಆವೃತ್ತಿ ಬಂದದ್ದು 2020ರ ಮಾರ್ಚ್ 6ರಂದು. ಕೊನೆಯೇ ಇಲ್ಲದ ಆಟವನ್ನು ಯಾವ ಪ್ರಕಾಶಕರೂ ಪೆಟ್ಟಿಗೆಗೆ ಹಾಕುವುದಿಲ್ಲ, ಆ ಅಳತೆಯಲ್ಲಿ 2012ರ ಬ್ಲ್ಯಾಕ್ ಮೆಸಾ ಅಪೂರ್ಣ. ಆದರೆ ಮೂಲದಲ್ಲೂ ಅವಸರದಲ್ಲಿ ಮುಗಿಸಿದಂತಿದ್ದ ಝೆನ್ ಭಾಗವನ್ನು ಹೆಚ್ಚುಕಡಿಮೆ ಎಂಟು ವರ್ಷ ತಡೆದು ಕಟ್ಟುವ ಸ್ವಾತಂತ್ರ್ಯ ಗಡುವು ಇರುವವರಿಗೆ ಎಲ್ಲಿಂದ ಬರಬೇಕು? ಅದೇ ಸ್ವಾತಂತ್ರ್ಯ ಮುಳುವೂ ಆಯಿತು. ‘ಇಂಟರ್‌ಲೋಪರ್’ ಅಧ್ಯಾಯ ಒಂದೇ ಬಗೆಯ ಒಗಟುಗಳನ್ನು ಮತ್ತೆ ಮತ್ತೆ ಒಡ್ಡುತ್ತ ಎಳೆದಾಡುತ್ತದೆ. ‘ಸಾಕು, ಕತ್ತರಿಸಿ’ ಎನ್ನುವವರು ತಂಡದ ಒಳಗೇ ಇರಬೇಕಿತ್ತು. ಅದೂ ಅಲ್ಲದೆ, ದುಡ್ಡು ತೆಗೆದುಕೊಂಡ ದಿನದಿಂದ ಆ ದಟ್ಟಿಯ ಗಾದೆ ಅವರಿಗೆ ಅನ್ವಯಿಸುವುದಿಲ್ಲ.

ಭಾಷೆಯ ವಿಷಯ ಚುಟುಕಾಗಿ ಹೇಳುತ್ತೇವೆ. ಅಭಿಮಾನಿ ಆಟಗಳ ಅಕ್ಷರಗಳು ಹೆಚ್ಚಾಗಿ ಒಂದು ಚಿತ್ರಹಾಳೆಯಿಂದ ಬರುತ್ತವೆ, ಒಂದು ಸಂಕೇತಕ್ಕೆ ಒಂದು ಚಿತ್ರ. ಇಂಗ್ಲಿಷ್, ಸ್ಪ್ಯಾನಿಷ್‌ಗೆ ಅದು ಸಾಕು. ಕನ್ನಡದ ‘ಸ್ತ್ರೀ’ ಎಂಬುದರಲ್ಲಿ ಆರು ಯೂನಿಕೋಡ್ ಸಂಕೇತಗಳಿವೆ, ‘ಅರ್ಕಾವತಿ’ಯಲ್ಲಿ ಮೊದಲು ಬರುವ ರಕಾರ ಚಿತ್ರದಲ್ಲಿ ಆಮೇಲೆ ಕೂರುತ್ತದೆ. ಕನ್ನಡ ಅನುವಾದ ಸೇರಿಸಲು ಹೊರಟವರು ಈ ಎರಡು ಪದಗಳನ್ನು ಪಠ್ಯ ಕಡತದಲ್ಲಿ ಹಾಕಿ ನೋಡಿದರೆ ಐದು ನಿಮಿಷದಲ್ಲಿ ಉತ್ತರ ಸಿಗುತ್ತದೆ. ಅಕ್ಷರ ಜೋಡಿಸುವ ಎಂಜಿನ್ ಇಲ್ಲದಿದ್ದರೆ ಸಾವಿರ ಸಾಲು ಅನುವಾದಿಸುವ ಮೊದಲೇ ನಿಲ್ಲಿಸಬಹುದು.

ಇನ್ನು ವಿವೇಚನೆಯ ಮಾತು. ಸೇಮಸ್ ರಿಟರ್ನ್ಸ್‌ನ ಹೊಳಪಿಗೆ, ಕೆಳಪರದೆಯ ಮ್ಯಾಪಿಗೆ, ಯಾವ ದಿಕ್ಕಿಗೂ ಗುರಿಯಿಡುವ ಅನುಕೂಲಕ್ಕೆ ಪೂರ್ಣ ಅಂಕ ಕೊಡಬೇಕು. ಆದರೆ ಆ ತಂಡ ಒಂದು ಪ್ರತಿದಾಳಿ ಸೇರಿಸಿತು: ಶತ್ರು ಮಿಂಚಿ ಎರಗುವಾಗ ಸರಿಯಾದ ಗಳಿಗೆಯಲ್ಲಿ ಹೊಡೆದರೆ ಅವನು ತತ್ತರಿಸುತ್ತಾನೆ. ಅದಕ್ಕಾಗಿ ಶತ್ರುಗಳನ್ನು ಆಕ್ರಮಣಶೀಲರನ್ನಾಗಿ ಮಾಡಿದರು, ಪರಿಣಾಮವಾಗಿ ಪ್ರತಿ ಕೋಣೆಯಲ್ಲೂ ನಿಂತು, ಕಾದು, ಹೊಡೆದು, ಮುಂದೆ ಹೋಗಬೇಕು. ಓಟದ ಲಯ ಮುರಿಯಿತು. ಅದೇ ಸ್ಟುಡಿಯೊ 2021ರ ‘ಮೆಟ್ರಾಯ್ಡ್ ಡ್ರೆಡ್’ನಲ್ಲಿ ಓಡುತ್ತಲೇ ಪ್ರತಿದಾಳಿ ಮಾಡುವಂತೆ ತಿದ್ದಿತು. ಎಎಂ2ಆರ್ ಆ ದಾರಿಗೇ ಹೋಗದೆ ಜಿಗಿತ, ಓಟ, ಗುರಿಗಳನ್ನು ಹದಗೊಳಿಸಿತು. ಗುವಾಸ್ತಿ ಮುಂದೆ ಮೂನ್ ಸ್ಟುಡಿಯೋಸ್ ಸೇರಿ 2020ರ ‘ಓರಿ ಆ್ಯಂಡ್ ದಿ ವಿಲ್ ಆಫ್ ದಿ ವಿಸ್ಪ್ಸ್’ಗೆ ಹಂತಗಳನ್ನು ರೂಪಿಸಿದರು, ಅದರಲ್ಲಿ ಅಚ್ಚರಿಯೇನಿಲ್ಲ.

ಎರಡರ ಕೊನೆಯನ್ನೂ ಅಕ್ಕಪಕ್ಕ ಇಟ್ಟು ನೋಡಿ. ಮೂಲದಲ್ಲಿ ರಾಣಿ ಮೆಟ್ರಾಯ್ಡ್ ಸತ್ತ ಮೇಲೆ ಒಂದು ಮೊಟ್ಟೆ ಒಡೆಯುತ್ತದೆ. ಒಳಗಿನ ಮರಿ ಸೇಮಸ್‌ಳ ಹಿಂದೆಯೇ ಬರುತ್ತದೆ, ದಾರಿಗಡ್ಡವಾದ ಕಲ್ಲನ್ನು ತಿಂದು ತೆರವು ಮಾಡುತ್ತದೆ. ಶತ್ರುವಿಲ್ಲ, ಗುಂಡಿಲ್ಲ, ಹಡಗಿನವರೆಗೆ ಬರೀ ನಡಿಗೆ. ಸೇಮಸ್ ರಿಟರ್ನ್ಸ್ ಆ ಜಾಗಕ್ಕೆ ಸೇಮಸ್‌ಳ ಹಳೆಯ ವೈರಿ ರಿಡ್ಲಿಯನ್ನು ತಂದು ದೊಡ್ಡ ಕಾಳಗ ಇಟ್ಟಿತು. ಕಾಳಗವಾಗಿ ಅದು ಅಚ್ಚುಕಟ್ಟು, ಹಣ ಮತ್ತು ಕೌಶಲ ಎರಡೂ ಕಾಣುತ್ತವೆ. ಎಎಂ2ಆರ್ ಆ ನಡಿಗೆಯನ್ನು ನಡಿಗೆಯಾಗಿಯೇ ಬಿಟ್ಟಿತು. ನಮ್ಮ ಪಟ್ಟಿಯಲ್ಲಿ ಆ ಸಾಲಿನ ಮುಂದೆ ‘ಆಟದ ಉದ್ದೇಶ’ ಎಂದೇ ಬರೆದಿದೆ, ಅಂಕ ಎಎಂ2ಆರ್‌ಗೆ.